ಕಾನೂನಿನ ಕೀಲಿಕೈ ಯಾರ ಕೈಯಲ್ಲಿ?

2010ರ ಜುಲೈ ತಿಂಗಳಲ್ಲಿ ಹಾವೇರಿ ಜಿಲ್ಲೆಯ ಸವಣೂರಿನ ಪುರಸಭೆ ಕಚೇರಿ ಎದುರು ಭಂಗಿ ಸಮುದಾಯದ ಕೆಲವರು ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡು ಪ್ರತಿಭಟಿಸಿದರು. ಊರಿನವರ ಪಾಯಖಾನೆ ಗುಂಡಿಗಳನ್ನು ತಲೆಮಾರುಗಳಿಂದ ಬಾಚಿಕೊಂಡು ಬಂದ ಕುಟುಂಬಗಳವು. ದಶಕಗಳಿಂದ ತಾವು ಬಾಳಿದ ಜಾಗದಿಂದ ಒಕ್ಕಲೆಬ್ಬಿಸಿ ಅಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟಲು ಪುರಸಭೆ ಹೊರಟಿದೆ ಎಂಬುದು ಅವರ ದೂರಾಗಿತ್ತು. ಆ ಚಿತ್ರಗಳು ಪತ್ರಿಕೆಗಳಲ್ಲಿ ಬಂದ ಮೇಲೆ ನಾಡೆಲ್ಲ ಬೆಚ್ಚಿತು. ಸವಣೂರಿಗೆ ಮಂತ್ರಿಗಳು, ಅಧಿಕಾರಿಗಳು, ಸಂಘಟನೆಗಳವರು ಬಂದುಹೋದರು. ಆದರೆ ಬೆಚ್ಚಿದವರು ಒಂದು ಪ್ರಶ್ನೆಯನ್ನು ಮಾತ್ರ ಸಾಕಷ್ಟು ಗಟ್ಟಿಯಾಗಿ ಕೇಳಲಿಲ್ಲ. ಮನುಷ್ಯರ ಕೈಯಿಂದ ಮಲ ಬಾಚಿಸುವುದು ಅಪರಾಧವೆಂದು ದೇಶದ ಸಂಸತ್ತು ಕಾಯ್ದೆ ಮಾಡಿ ಅಷ್ಟೊತ್ತಿಗೆ 17 ವರ್ಷ ಕಳೆದಿತ್ತು. ಕಾಯ್ದೆ ಇದ್ದೂ ಸವಣೂರಿನಲ್ಲಿ ಆ ಕೆಲಸ ನಡೆದದ್ದು ಹೇಗೆ, ಅದನ್ನು ತಡೆಯಬೇಕಾದವರು ಯಾರು?

ಉತ್ತರ ಕಾಯ್ದೆಯ ಒಳಗೇ ಇದೆ. 1950ರ ಸಂವಿಧಾನ ತನ್ನ 17ನೇ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 1955ರಲ್ಲಿ ಅದಕ್ಕೊಂದು ಶಿಕ್ಷೆಯ ಕಾಯ್ದೆ ಬಂತು. 1976ರಲ್ಲಿ ಅದು ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ ಎಂಬ ಹೊಸ ಹೆಸರು ಪಡೆಯಿತು. 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ, 1993ರಲ್ಲಿ ಮಲ ಹೊರುವ ಕೆಲಸವನ್ನೂ ಒಣ ಪಾಯಖಾನೆ ಕಟ್ಟುವುದನ್ನೂ ನಿಷೇಧಿಸುವ ಕಾಯ್ದೆ ಬಂದವು. ಈ ಕೊನೆಯದನ್ನು ಮಾಡಿಕೊಡಿ ಎಂದು ತಮ್ಮ ಶಾಸನಸಭೆಗಳಲ್ಲಿ ಠರಾವು ಪಾಸು ಮಾಡಿ ಸಂಸತ್ತನ್ನು ಕೇಳಿಕೊಂಡ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅಂದರೆ ನಮ್ಮ ರಾಜ್ಯ ತಾನಾಗಿಯೇ ಬೇಡಿ ಪಡೆದ ಕಾಯ್ದೆ ಇದು. ಅದರಲ್ಲಿದ್ದ ಶಿಕ್ಷೆ ಹೆಚ್ಚೆಂದರೆ ಒಂದು ವರ್ಷ ಜೈಲು ಅಥವಾ 2,000 ರೂಪಾಯಿ ದಂಡ, ಇಲ್ಲವೇ ಎರಡೂ. ಅದಕ್ಕಿಂತ ಮುಖ್ಯವಾದ ಮಾತು ಬೇರೆ ಇದೆ: ಸರ್ಕಾರ ನೇಮಿಸಿದ ಅಧಿಕಾರಿಯ ಪೂರ್ವಾನುಮತಿ ಇಲ್ಲದೆ ಯಾರ ಮೇಲೂ ಮೊಕದ್ದಮೆ ಹೂಡುವಂತಿರಲಿಲ್ಲ. ಊರ ಗುಂಡಿಗಳು ತುಂಬಿದಾಗ ಮನುಷ್ಯರನ್ನು ಕರೆಸಿ ಖಾಲಿ ಮಾಡಿಸಿಕೊಂಡವರು ಮನೆಯವರು. ಅದನ್ನು ಕಂಡೂ ಕಾಣದಂತೆ ಇದ್ದದ್ದು ಸ್ಥಳೀಯ ಆಡಳಿತ. ತಪ್ಪಿತಸ್ಥರ ಮೇಲೆ ಕ್ರಮಕ್ಕೆ ಅನುಮತಿ ಕೊಡಬೇಕಾದದ್ದು ಅದೇ ಆಡಳಿತದ ಮೇಲಿನ ಮೆಟ್ಟಿಲು. ಗುಂಡಿಗೆ ಇಳಿದವನು ಬಾಗಿಲು ತಟ್ಟಲು ಹೋದರೆ ಆ ಬಾಗಿಲ ಕೀಲಿಕೈ ಇದ್ದದ್ದು ಅವನನ್ನು ಗುಂಡಿಗೆ ಇಳಿಸಿದವರ ಕಡೆಯವರಲ್ಲೇ. ಕಾನೂನಿನ ಮುಂದೆ ಸಮಾನತೆ ಎಂಬುದು ಕಾಗದದಿಂದ ಬೀದಿಗೆ ಇಳಿಯಬೇಕಾದರೆ ಜಾರಿಯ ಅಧಿಕಾರ ಸ್ಥಳೀಯ ಬಲಾಢ್ಯರ ಕೈಯಿಂದ ಹೊರಗೆ ಬರಬೇಕು. ಈ ಲೇಖನದ ವಾದ ಇಷ್ಟೇ. ಇದಕ್ಕೆ ಸಾಕ್ಷಿ ಸವಣೂರಿನಲ್ಲಿದೆ. ಸಾವಿರಾರು ಮೈಲಿ ಆಚೆ ಅಮೆರಿಕದ ಕಪ್ಪು ಜನರ ಹೋರಾಟದಲ್ಲಿಯೂ ಇದೆ.

ಮೊದಲು ನಮ್ಮ ಸೀಮೆಯ ಇತಿಹಾಸ. ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು ಏಕೀಕರಣಕ್ಕೆ ಮೊದಲು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ನವಾಬರ ಸಂಸ್ಥಾನವಾಗಿದ್ದ ಸವಣೂರು 1948ರಲ್ಲಿ ಆ ಪ್ರಾಂತದೊಳಗೆ ಸೇರಿತು. ಮರುವರ್ಷವೇ, 1949ರಲ್ಲಿ, ಮುಂಬಯಿ ಸರ್ಕಾರ ಪಾಯಖಾನೆ ಬಳಿಯುವವರ ಬದುಕಿನ ಸ್ಥಿತಿಗತಿ ವಿಚಾರಿಸಲು ಬರ್ವೆ ಸಮಿತಿಯನ್ನು ನೇಮಿಸಿತು. ಸಮಿತಿ 1952ರಲ್ಲಿ ವರದಿ ಕೊಟ್ಟಿತು. ತಲೆಯ ಮೇಲೆ ಮಲ ಹೊರಿಸುವುದು ನಿಲ್ಲಬೇಕೆಂಬ ಮಾತು ಹೀಗೆ ಈ ನಾಲ್ಕು ತಾಲೂಕುಗಳ ಮಟ್ಟಿಗೆ ಕರ್ನಾಟಕ ಏಕೀಕರಣಕ್ಕಿಂತ ಹಳೆಯದು. ಮುಂದೆ 1970ರ ದಶಕದಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ರಾಜ್ಯದಲ್ಲಿ ನಿಷೇಧಿಸಿದರು. ಆ ಒಂದು ಆದೇಶಕ್ಕೆ ಕನ್ನಡನಾಡು ಅವರಿಗೆ ಇನ್ನೂ ಋಣಿ. ಐ.ಪಿ.ಡಿ. ಸಾಲಪ್ಪ ಸಮಿತಿಯ 1976ರ ವರದಿ ಪೌರಕಾರ್ಮಿಕರ ಸಂಖ್ಯೆ, ಸೌಲಭ್ಯಗಳ ಬಗ್ಗೆ ಲೆಕ್ಕ ಹಾಕಿ ಹೇಳಿತು. ವರದಿಗಳಿಗೆ, ಆದೇಶಗಳಿಗೆ ಎಂದೂ ಬರ ಇರಲಿಲ್ಲ. ತಲೆಯ ಮೇಲಿನ ಬುಟ್ಟಿ ಕೆಳಗಿಳಿದದ್ದು ನಿಜವಾದ ಗೆಲುವೇ. ಆದರೆ ಒಳಚರಂಡಿ ಇಲ್ಲದ ಸಣ್ಣ ಊರುಗಳಲ್ಲಿ ಬುಟ್ಟಿಯ ಜಾಗಕ್ಕೆ ಗುಂಡಿ ಬಂತು. ಮನೆ ಹಿತ್ತಲಲ್ಲಿ ತೋಡಿದ ಗುಂಡಿ ವರ್ಷಗಟ್ಟಲೆ ತುಂಬುತ್ತದೆ. ತುಂಬಿದ ದಿನ ಮೇಲಿನ ಕಲ್ಲುಚಪ್ಪಡಿ ಸರಿಸಿ, ಹಗ್ಗ ಕಟ್ಟಿದ ಬಕೆಟ್ಟಿನಿಂದ ಮೇಲಿನ ನೀರು ಎತ್ತಿ, ತಳದ ಗಟ್ಟಿಯನ್ನು ಸಲಿಕೆಯಿಂದ ಬಾಚಲು ಒಬ್ಬ ಒಳಗೆ ಇಳಿಯಲೇಬೇಕು. ಅಲ್ಲಿ ಕಟ್ಟಿಕೊಂಡ ಹೈಡ್ರೋಜನ್ ಸಲ್ಫೈಡ್ ಅನಿಲ ಮೊದಲು ನಾರುತ್ತದೆ, ಹೆಚ್ಚಾದಾಗ ಮೂಗಿನ ಅರಿವನ್ನೇ ಕೊಲ್ಲುತ್ತದೆ. ನಾತ ನಿಂತಿತೆಂದು ಇನ್ನೊಂದು ಹೆಜ್ಜೆ ಕೆಳಗಿಟ್ಟವನು ಮೇಲೆ ಬರುವುದಿಲ್ಲ. ಬುಟ್ಟಿಯನ್ನು ಮಾತ್ರ ಕಂಡ ಹಳೆಯ ಕಾನೂನಿಗೆ ಈ ಗುಂಡಿ ಕಣ್ಣಿಗೆ ಬೀಳಲೇ ಇಲ್ಲ: 1993ರ ಕಾಯ್ದೆ ಹಿಡಿದದ್ದು ಒಣ ಪಾಯಖಾನೆಯನ್ನಷ್ಟೇ.

ಅಮೆರಿಕದ ಕಥೆಯೂ ಇದೇ ಜಾಡಿನಲ್ಲಿ ಸಾಗಿತ್ತು. ಅಂತರ್ಯುದ್ಧ ಮುಗಿದ 1865ರಲ್ಲಿ ಗುಲಾಮಗಿರಿ ರದ್ದಾಯಿತು. 1868ರಲ್ಲಿ ಸಂವಿಧಾನದ 14ನೇ ತಿದ್ದುಪಡಿ ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ಕೊಟ್ಟಿತು, 1870ರಲ್ಲಿ 15ನೇ ತಿದ್ದುಪಡಿ ಬಣ್ಣದ ಕಾರಣಕ್ಕೆ ಮತ ನಿರಾಕರಿಸುವಂತಿಲ್ಲ ಎಂದಿತು. ಕಾಗದದ ಮೇಲೆ ಕೆಲಸ ಮುಗಿದಿತ್ತು. 1896ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಪ್ಲೆಸ್ಸಿ ಮೊಕದ್ದಮೆಯಲ್ಲಿ, ಬೇರೆ ಬೇರೆ ಇಟ್ಟರೂ ಸಮಾನವಾಗಿಟ್ಟರೆ ಸಾಕು ಎಂದು ತೀರ್ಪು ಕೊಟ್ಟು ಕಪ್ಪು ಜನರ ರೈಲು ಡಬ್ಬಿ, ಶಾಲೆ, ಹೋಟೆಲು, ನೀರಿನ ನಲ್ಲಿಗಳನ್ನು ಬೇರ್ಪಡಿಸುವುದಕ್ಕೆ ದಾರಿ ಮಾಡಿತು. 1954ರ ಬ್ರೌನ್ ತೀರ್ಪು ಶಾಲೆಗಳಲ್ಲಿ ಅದನ್ನು ತಪ್ಪೆಂದರೂ, 1957ರಲ್ಲಿ ಲಿಟಲ್ ರಾಕ್ ಎಂಬ ಊರಿನಲ್ಲಿ ಒಂಬತ್ತು ಕಪ್ಪು ಮಕ್ಕಳು ಶಾಲೆಯ ಮೆಟ್ಟಿಲು ಹತ್ತಲು ಅಧ್ಯಕ್ಷ ಐಸೆನ್‌ಹೋವರ್ ಸೈನ್ಯವನ್ನೇ ಕಳಿಸಬೇಕಾಯಿತು. ಮತದಾನದ ಕಥೆ ಇನ್ನೂ ಸ್ಪಷ್ಟ. ಮತದಾರರ ಪಟ್ಟಿಗೆ ಹೆಸರು ಸೇರಿಸಬೇಕಾದ ಅಧಿಕಾರಿ ಸ್ಥಳೀಯ ಬಿಳಿಯ. ಬಂದವನ ಅಕ್ಷರಜ್ಞಾನ ಪರೀಕ್ಷಿಸುವ ನೆಪದಲ್ಲಿ ಸಂವಿಧಾನದ ಯಾವುದೋ ಪ್ಯಾರಾ ಓದಿಸಿ ಅರ್ಥ ಕೇಳುವವನೂ ಅವನೇ, ಉತ್ತರ ಸರಿಯೋ ತಪ್ಪೋ ಎಂದು ನಿರ್ಧರಿಸುವವನೂ ಅವನೇ. ಮಿಸಿಸಿಪಿ ರಾಜ್ಯದಲ್ಲಿ ಮತಕ್ಕೆ ಅರ್ಹರಾದ ಕಪ್ಪು ಜನರಲ್ಲಿ ನೂರಕ್ಕೆ 7 ಮಂದಿಯೂ ಪಟ್ಟಿಯಲ್ಲಿರಲಿಲ್ಲ. 1965ರ ಮತದಾನ ಹಕ್ಕು ಕಾಯ್ದೆ ಹೊಸ ಹಕ್ಕೇನನ್ನೂ ಕೊಡಲಿಲ್ಲ, ಹಕ್ಕು 95 ವರ್ಷ ಹಳೆಯದು. ಆ ಕಾಯ್ದೆ ಮುಖ್ಯವಾಗಿ ಮಾಡಿದ್ದು ಜಾರಿಯ ಕೈ ಬದಲಿಸುವ ಕೆಲಸ: ಅಂಥ ಜಿಲ್ಲೆಗಳಿಗೆ ಕೇಂದ್ರ ಸರ್ಕಾರದ ಅಧಿಕಾರಿಗಳನ್ನು ಕಳಿಸಿ ಹೆಸರು ನೋಂದಾಯಿಸಿತು, ಅಲ್ಲಿನವರು ಚುನಾವಣೆ ನಿಯಮ ಬದಲಿಸಬೇಕಾದರೆ ಮೊದಲು ವಾಷಿಂಗ್ಟನ್ನಿನ ಒಪ್ಪಿಗೆ ಪಡೆಯಬೇಕೆಂದಿತು. ಎರಡೇ ವರ್ಷದಲ್ಲಿ, 1967ರ ಹೊತ್ತಿಗೆ, ಮಿಸಿಸಿಪಿಯ ಆ ಅಂಕಿ ನೂರಕ್ಕೆ 60ರ ಹತ್ತಿರ ಬಂತು. ಆ ಎರಡು ವರ್ಷದಲ್ಲಿ ಬಿಳಿಯರ ಮನಸ್ಸೇನೂ ಬದಲಾಗಿರಲಿಲ್ಲ. ಬದಲಾದದ್ದು ಪಟ್ಟಿ ಹಿಡಿದ ಕೈ. 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ಪೂರ್ವಾನುಮತಿ ಯಾವ ರಾಜ್ಯಗಳಿಗೆ ಅನ್ವಯಿಸಬೇಕೆಂಬ ಸೂತ್ರವನ್ನೇ ರದ್ದು ಮಾಡಿದ ಮೇಲೆ ಹಲವು ರಾಜ್ಯಗಳು ಮತದಾನದ ನಿಯಮಗಳನ್ನು ಮತ್ತೆ ಬಿಗಿ ಮಾಡಿದವು.

ಸವಣೂರಿಗೆ ಅಮೆರಿಕದಲ್ಲಿ ತೀರ ಹತ್ತಿರದ ಊರೆಂದರೆ ಟೆನೆಸ್ಸಿ ರಾಜ್ಯದ ಮೆಂಫಿಸ್. ಅಲ್ಲಿ ಊರ ಕಸ ಎತ್ತುತ್ತಿದ್ದವರು ಹೆಚ್ಚುಕಡಿಮೆ ಎಲ್ಲರೂ ಕಪ್ಪು ಗಂಡಸರು. ಅವರ ಸಂಬಳ ಎಷ್ಟು ಕಡಿಮೆಯೆಂದರೆ ಎಷ್ಟೋ ಮನೆಗಳು ಸರ್ಕಾರಿ ನೆರವಿನ ಮೇಲೆ ನಡೆಯುತ್ತಿದ್ದವು. 1968ರ ಫೆಬ್ರುವರಿ 1ರಂದು ಜೋರು ಮಳೆ. ಎಕೋಲ್ ಕೋಲ್, ರಾಬರ್ಟ್ ವಾಕರ್ ಎಂಬ ಇಬ್ಬರು ಕಾರ್ಮಿಕರು ಮಳೆಯಿಂದ ತಪ್ಪಿಸಿಕೊಳ್ಳಲು ಕಸ ಒತ್ತುವ ಲಾರಿಯ ಹಿಂಭಾಗದಲ್ಲಿ ನಿಂತರು. ಯಂತ್ರ ಕೆಟ್ಟು ತಾನಾಗಿಯೇ ಚಾಲೂ ಆಗಿ ಇಬ್ಬರನ್ನೂ ಕಸದೊಂದಿಗೆ ಅರೆದುಹಾಕಿತು. ಫೆಬ್ರುವರಿ 12ರಂದು ಸುಮಾರು 1,300 ಕಾರ್ಮಿಕರು ಕೆಲಸ ನಿಲ್ಲಿಸಿದರು. ಮೇಯರ್ ಹೆನ್ರಿ ಲೋಬ್ ಮುಷ್ಕರವೇ ಕಾನೂನುಬಾಹಿರ ಎಂದ. ಕಾರ್ಮಿಕರು ಎದೆಯ ಮೇಲೆ ತೂಗಿಹಾಕಿಕೊಂಡ ಫಲಕದಲ್ಲಿ ಸಂಬಳದ ಲೆಕ್ಕ ಇರಲಿಲ್ಲ. ನಾನು ಮನುಷ್ಯ ಎಂಬ ಅರ್ಥದ ಒಂದು ಸಾಲು ಮಾತ್ರ ಇತ್ತು. ಕಪ್ಪು ಜನರ ಹಕ್ಕಿನ ಹೋರಾಟದ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಈ ಕಾರ್ಮಿಕರ ಬೆಂಬಲಕ್ಕೆ ಬಂದರು, ಮೆರವಣಿಗೆಯಲ್ಲಿ ನಡೆದರು, ಏಪ್ರಿಲ್ 4ರಂದು ಅದೇ ಊರಿನಲ್ಲಿ ಬಂದೂಕಿನ ಗುಂಡಿಗೆ ಬಲಿಯಾದರು. ಏಪ್ರಿಲ್ 16ರಂದು ನಗರಾಡಳಿತ ಕಾರ್ಮಿಕರ ಸಂಘವನ್ನು ಒಪ್ಪಿಕೊಂಡು ಸಂಬಳ ಏರಿಸಿತು. ನಾಗರಿಕ ಹಕ್ಕುಗಳ ಕಾಯ್ದೆ 1964ರಲ್ಲೇ ಬಂದಿತ್ತೆಂಬುದನ್ನು ಇಲ್ಲಿ ಮರೆಯಬಾರದು. ಕಾಯ್ದೆ ಬಂದು ನಾಲ್ಕು ವರ್ಷವಾದ ಮೇಲೂ, ಕಾರ್ಮಿಕರ ಪಾಲಿಗೆ ಸರ್ಕಾರ ಎಂದರೆ ವಾಷಿಂಗ್ಟನ್ ಅಲ್ಲ, ಮೆಂಫಿಸ್ ಮೇಯರ್.

ಜಾತಿ ಬೇರೆ, ವರ್ಣ ಬೇರೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ ಎನ್ನುವವರಿದ್ದಾರೆ. ಮಾತು ನಿಜ. ಕಪ್ಪು ಜನರನ್ನು ಹಡಗಿನಲ್ಲಿ ಹೊತ್ತು ತಂದು ಮಾರಿದ ಇತಿಹಾಸ ನಮ್ಮದಲ್ಲ. ಹುಟ್ಟಿನಿಂದಲೇ ಕಸುಬನ್ನು ಹಣೆಗೆ ಬರೆದು, ಮುಟ್ಟಿದರೆ ಮೈಲಿಗೆ ಎನ್ನುವ ವ್ಯವಸ್ಥೆ ಅವರದ್ದಲ್ಲ. ಬಣ್ಣ ಕಣ್ಣಿಗೆ ಕಾಣುತ್ತದೆ, ಜಾತಿಯನ್ನು ಹೆಸರು, ಓಣಿ, ಕೆಲಸ ಕೇಳಿ ಪತ್ತೆ ಹಚ್ಚುತ್ತಾರೆ. ಆದರೂ ಈ ಎರಡು ಹೋರಾಟಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರು ಮೊದಲೂ ಇದ್ದರು. ಜೋತಿಬಾ ಫುಲೆ 1873ರಲ್ಲಿ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು ಗುಲಾಮಗಿರಿ ವಿರುದ್ಧ ಹೋರಾಡಿದ ಅಮೆರಿಕದ ಜನರಿಗೆ ಅರ್ಪಿಸಿದರು. ಅಂಬೇಡ್ಕರ್ 1946ರಲ್ಲಿ ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡು ಬೊಯಿಸ್ ಅವರಿಗೆ ಪತ್ರ ಬರೆದು, ಅಲ್ಲಿನವರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕೇಳಿದ್ದರು. 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ತನ್ನ ಹೆಸರನ್ನೇ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್ ಸಂಘಟನೆಯಿಂದ ಪಡೆಯಿತು. ಇವರು ಯಾರೂ ಜಾತಿ ಮತ್ತು ವರ್ಣ ಒಂದೇ ಎಂದು ನಂಬಿದ್ದವರಲ್ಲ. ಬರೆದಿಟ್ಟ ಹಕ್ಕು ಮತ್ತು ಬದುಕಿನ ಹಕ್ಕಿನ ನಡುವಿನ ಕಂದರವನ್ನು ಹೇಗೆ ದಾಟಬೇಕೆಂಬುದು ಅವರ ಪ್ರಶ್ನೆಯಾಗಿತ್ತು. ಹೋಲಿಕೆ ಬೇಕಾದದ್ದು ಆ ಮಟ್ಟಿಗೆ.

ಸವಣೂರಿನ ಪ್ರಕರಣದಲ್ಲಿ ಹೆಚ್ಚು ತೂಕದ ಆಕ್ಷೇಪ ಜಾಗದ್ದು. ಜಾಗ ಪುರಸಭೆಯದಾದರೆ, ಊರಿನ ಆದಾಯಕ್ಕೆ ಮಳಿಗೆ ಕಟ್ಟುವುದು ಅದರ ಅಧಿಕಾರವಲ್ಲವೇ? 1985ರ ಓಲ್ಗಾ ಟೆಲ್ಲಿಸ್ ಮೊಕದ್ದಮೆಯಲ್ಲಿ ಮುಂಬಯಿಯ ಪಾದಚಾರಿ ಮಾರ್ಗಗಳಲ್ಲಿ ವಾಸವಾಗಿದ್ದವರ ಬಗ್ಗೆ ನಮ್ಮ ಸುಪ್ರೀಂ ಕೋರ್ಟು ಈ ಪ್ರಶ್ನೆಯನ್ನೇ ಎದುರಿಸಿತು. ಸಾರ್ವಜನಿಕ ಜಾಗವನ್ನು ತೆರವು ಮಾಡಿಸುವ ಅಧಿಕಾರವನ್ನು ನ್ಯಾಯಾಲಯ ತಳ್ಳಿಹಾಕಲಿಲ್ಲ. ಆದರೆ ಬದುಕುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ, ಅದನ್ನು ಕಸಿಯುವಾಗ ನ್ಯಾಯವಾದ ಕ್ರಮ ಅನುಸರಿಸಲೇಬೇಕು ಎಂದಿತು. ಸವಣೂರಿನವರ ಹಕ್ಕು ಅದಕ್ಕಿಂತಲೂ ಗಟ್ಟಿಯಾದದ್ದು. ಅವರು ಹೊಟ್ಟೆಪಾಡಿಗೆ ಬಂದು ರಸ್ತೆಬದಿ ನೆಲೆಸಿದ ಅಪರಿಚಿತರಲ್ಲ. ಊರು ಅವರ ಜಾತಿ ನೋಡಿ ಒಂದು ಕೆಲಸ ಹಚ್ಚಿತು, ಆ ಕೆಲಸದವರು ಎಲ್ಲಿರಬೇಕೆಂದೂ ಊರೇ ತೀರ್ಮಾನಿಸಿತು. ಬೇರೆ ಓಣಿಯಲ್ಲಿ ಅವರಿಗೆ ಬಾಡಿಗೆ ಮನೆ ಕೊಡುವವರು ಎಷ್ಟು ಮಂದಿ ಎಂಬುದನ್ನು ಈ ಭಾಗದ ಯಾವ ಊರಿನವರೂ ತಮ್ಮನ್ನೇ ಕೇಳಿಕೊಳ್ಳಬಹುದು. ಮನೆಯ ಪ್ರಶ್ನೆ ಸಮಾನತೆಯ ಪ್ರಶ್ನೆಯೇ ಎಂದು ಅಮೆರಿಕಕ್ಕೂ ತಡವಾಗಿ ಗೊತ್ತಾಯಿತು: ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಬಣ್ಣ ನೋಡುವುದನ್ನು ನಿಷೇಧಿಸಿದ ಕಾಯ್ದೆಗೆ ಅಧ್ಯಕ್ಷರ ಸಹಿ ಬಿದ್ದದ್ದು 1968ರ ಏಪ್ರಿಲ್ 11ರಂದು, ಕಿಂಗ್ ಸತ್ತು ಒಂದು ವಾರವಾದ ಮೇಲೆ. ಮಲ ಬಾಚಿಸುವುದನ್ನು ಮತ್ತೆ ನಿಷೇಧಿಸಿದ ನಮ್ಮ 2013ರ ಕಾಯ್ದೆ ಒಂದು ಹೆಜ್ಜೆ ಮುಂದಿದೆ. ಮಲ ಬಾಚುವ ಕೆಲಸ ಬಿಟ್ಟವರಿಗೆ ನಿವೇಶನ ಮತ್ತು ಮನೆಗೆ ನೆರವು, ಮಕ್ಕಳಿಗೆ ವಿದ್ಯಾರ್ಥಿವೇತನ, ಬೇರೆ ಕಸುಬಿಗೆ ತರಬೇತಿ, ಸಾಲ ಇವೆಲ್ಲವನ್ನೂ ಅದು ಪುನರ್ವಸತಿಯ ಭಾಗವಾಗಿಯೇ ಹೇಳಿದೆ. ಸವಣೂರಿನವರು ಬೀದಿಗಿಳಿದ ಮೂರು ವರ್ಷಕ್ಕೆ ಬಂದ ಈ ಕಾಯ್ದೆಯನ್ನು ಓದಿದರೆ, ಅವರು ಕೇಳಿದ್ದರಲ್ಲಿ ಅತಿಯಾದದ್ದು ಏನೂ ಇರಲಿಲ್ಲ ಎಂಬುದು ಖಚಿತವಾಗುತ್ತದೆ.

ಆ ಪ್ರತಿಭಟನೆಯ ರೀತಿ ಅಸಹ್ಯ, ಅರ್ಜಿ ಕೊಡಬಹುದಿತ್ತು, ಕೋರ್ಟಿಗೆ ಹೋಗಬಹುದಿತ್ತು ಎಂದವರೂ ಇದ್ದರು. ಕಿಂಗ್ ಮತ್ತು ಅವರ ಜೊತೆಗಾರರಿಗೂ ಈ ಮಾತು ಹೇಳಿದ್ದರು. ಇನ್ನಷ್ಟು ಕಾಯಿರಿ, ಬೀದಿಗೆ ಬರಬೇಡಿ ಎಂದು ಬುದ್ಧಿ ಹೇಳಿದವರಲ್ಲಿ ಪಾದ್ರಿಗಳೂ ಇದ್ದರು. ಇದಕ್ಕೆ ಉತ್ತರ ನೇರವಾಗಿದೆ. ಮಲ ಬಾಚಿಸುವ ಪದ್ಧತಿಯ ವಿರುದ್ಧ ಹೋರಾಡುವ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಅದರ ಮುಂದಾಳು ಬೆಜವಾಡ ವಿಲ್ಸನ್ ನಮ್ಮ ಕೋಲಾರ ಚಿನ್ನದ ಗಣಿಯ ಊರಿನವರು. ನಮ್ಮಲ್ಲಿ ಈ ಪದ್ಧತಿಯೇ ಇಲ್ಲ ಎಂದು ಸರ್ಕಾರಗಳು ಹೇಳುತ್ತ ಬಂದಾಗ ಕಾರ್ಯಕರ್ತರು ಊರೂರು ಸುತ್ತಿ ಫೋಟೋ ಸಮೇತ ಸಾಕ್ಷಿ ಕಲೆಹಾಕಿದರು. ಅಂತಿಮ ತೀರ್ಪು ಬಂದದ್ದು 2014ರ ಮಾರ್ಚ್ 27ರಂದು. ಸವಣೂರಿನವರು ಮೈಮೇಲೆ ಮಲ ಸುರಿದುಕೊಂಡ ದಿನ ಆ ಮೊಕದ್ದಮೆ ಏಳು ವರ್ಷದಿಂದ ನಡೆಯುತ್ತಿತ್ತು. ಅವರ ಕೈಯಲ್ಲಿ ಅರ್ಜಿಗಿಂತ ದೊಡ್ಡ ಸಾಕ್ಷಿ ಇತ್ತು, ಊರು ದಿನಾಲೂ ತಮ್ಮ ಕೈಗೆ ಒಪ್ಪಿಸುತ್ತಿದ್ದ ವಸ್ತು. ಅದನ್ನೇ ಕಚೇರಿಯ ಬಾಗಿಲಿಗೆ ತಂದರು. ಕತ್ತಲಲ್ಲಿ, ಹಿತ್ತಲಲ್ಲಿ ನಡೆಯುತ್ತಿದ್ದುದನ್ನು ಹಾಡಹಗಲು ನಡುಬೀದಿಯಲ್ಲಿ ತೋರಿಸಿದರು. ನೋಡಿದವರಿಗೆ ಅಸಹ್ಯ ಅನ್ನಿಸಿದ್ದರೆ, ಆ ಅಸಹ್ಯವನ್ನು ಒಂದು ಜಾತಿ ತಲೆಮಾರುಗಟ್ಟಲೆ ಬರಿಗೈಯಲ್ಲಿ ಮುಟ್ಟಿದೆ.

ಈಗ ಕಾಲ ಬದಲಾಗಿದೆ, ಗುಂಡಿ ಹೀರುವ ಯಂತ್ರ ಬಂದಿದೆ, ಮನೆಮನೆಗೆ ಶೌಚಾಲಯ ಆಗಿದೆ ಎನ್ನುವ ವಾದದಲ್ಲಿ ಸತ್ಯಾಂಶ ಇದೆ. 2013ರ ಕಾಯ್ದೆ ಗುಂಡಿ, ಚರಂಡಿ, ಮ್ಯಾನ್‌ಹೋಲ್‌ಗಳನ್ನೂ ಒಳಗೆ ತಂದಿತು, ಅಪರಾಧವನ್ನು ಜಾಮೀನಿಲ್ಲದ್ದು ಮಾಡಿತು. ದೌರ್ಜನ್ಯ ತಡೆ ಕಾಯ್ದೆಯ 2015ರ ತಿದ್ದುಪಡಿ ಪರಿಶಿಷ್ಟರಿಂದ ಈ ಕೆಲಸ ಮಾಡಿಸುವುದನ್ನು ದೌರ್ಜನ್ಯ ಎಂದೇ ಪಟ್ಟಿಗೆ ಸೇರಿಸಿತು. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 2014ರ ತೀರ್ಪು 10 ಲಕ್ಷ ರೂಪಾಯಿ ಪರಿಹಾರ ಹೇಳಿತ್ತು, 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು 30 ಲಕ್ಷಕ್ಕೆ ಏರಿಸಿತು. ಸವಣೂರು ಸೇರಿರುವ ಶಿಗ್ಗಾಂವಿ ಕ್ಷೇತ್ರದ ಶಾಸಕರಾಗಿದ್ದ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದಾಗ, 2022ರಲ್ಲಿ ಪೌರಕಾರ್ಮಿಕರ ಮುಷ್ಕರದ ನಂತರ, 11,133 ಪೌರಕಾರ್ಮಿಕರನ್ನು ಕಾಯಂ ಮಾಡಲು ಸಂಪುಟ ಒಪ್ಪಿತು. ಇವೆಲ್ಲ ಸಣ್ಣ ಮಾತಲ್ಲ. ಆದರೆ ಎಣಿಕೆಯ ಕಡೆ ನೋಡಿ. 2011ರ ಸಾಮಾಜಿಕ-ಆರ್ಥಿಕ ಜಾತಿ ಗಣತಿಯಲ್ಲಿ ದೇಶದ ಹಳ್ಳಿಗಳಲ್ಲೇ 1,80,657 ಕುಟುಂಬಗಳು ಈ ಕೆಲಸದಲ್ಲಿವೆ ಎಂದು ದಾಖಲಾಯಿತು. ಕರ್ನಾಟಕದ ಪಾಲು 15,375. ಕಾಯ್ದೆ ಬಂದ ಮೇಲೆ ನಡೆದ ಸಮೀಕ್ಷೆಗಳಲ್ಲಿ ಅಧಿಕೃತವಾಗಿ ಗುರುತಿಸಿದವರು ದೇಶಕ್ಕೆಲ್ಲ 58,098 ಮಂದಿ, ಕರ್ನಾಟಕದಲ್ಲಿ 2,927. ಮೊದಲಿನದು ಕುಟುಂಬಗಳ ಲೆಕ್ಕ, ಎರಡನೆಯದು ವ್ಯಕ್ತಿಗಳದ್ದು. ಈ ಅಂತರವನ್ನು ಬರಿಯ ಪ್ರಗತಿ ಎನ್ನಲು ಮನಸ್ಸು ಒಪ್ಪುವುದಿಲ್ಲ, ಯಾಕೆಂದರೆ ಎಣಿಸಿದವರು ಯಾರೆಂದು ಕಾಯ್ದೆಯೇ ಹೇಳುತ್ತದೆ. ತನ್ನ ಹದ್ದಿನಲ್ಲಿ ಮಲ ಬಾಚುವವರು ಇದ್ದಾರೆಂದು ಅನ್ನಿಸಿದರೆ ಪುರಸಭೆಯ ಮುಖ್ಯಾಧಿಕಾರಿ ಸಮೀಕ್ಷೆ ಮಾಡಿಸಬೇಕು. ಒಬ್ಬ ಸಿಕ್ಕರೂ ತನ್ನ ಕಚೇರಿಯ ಕಣ್ಣೆದುರು ಅಪರಾಧ ನಡೆದಿದೆ ಎಂದು ತಾನೇ ಬರೆದುಕೊಟ್ಟಂತೆ. ಅಂಥ ಸಂಕಟದಲ್ಲಿ ಸಿಕ್ಕ ಮನುಷ್ಯನಿಂದ ಸತ್ಯವಾದ ಎಣಿಕೆ ನಿರೀಕ್ಷಿಸುವುದು ಅವನಿಗೂ ನ್ಯಾಯವಲ್ಲ, ಗುಂಡಿಗಿಳಿದವನಿಗಂತೂ ಅಲ್ಲವೇ ಅಲ್ಲ. ಸಾಲದ್ದಕ್ಕೆ ಗವಸು, ಬೂಟು, ಸಾಧನ ಬಳಸಿ ಕೆಲಸ ಮಾಡಿದವನು ಮಲ ಬಾಚುವವನೇ ಅಲ್ಲ ಎಂಬ ವಿವರಣೆಯೂ ಕಾಯ್ದೆಯಲ್ಲಿದೆ. ದೂರು ಕೊಡಬೇಕಾದದ್ದು ಘಟನೆಯಾದ ಮೂರು ತಿಂಗಳೊಳಗೆ. ಅದೇ ಮನೆಗಳಿಂದ ಕೂಲಿ ಪಡೆಯುವವನು ಆ ಅವಧಿಯಲ್ಲಿ ಠಾಣೆ ಮೆಟ್ಟಿಲು ಹತ್ತುವನೇ?

ಇದು ಕನಕದಾಸರು ಹುಟ್ಟಿದ ಬಾಡ, ಶಿಶುನಾಳ ಷರೀಫರ ಶಿಶುವಿನಹಾಳ ಇರುವ ಸೀಮೆ, ಇಲ್ಲಿ ಜಾತಿಯ ಕಹಿ ಬೇರೆ ಕಡೆಯಷ್ಟಿಲ್ಲ ಎಂಬ ಹೆಮ್ಮೆ ಈ ಭಾಗದಲ್ಲಿದೆ. ಆ ಪರಂಪರೆ ನಿಜ, ದೊಡ್ಡದು. ಆದರೆ ಸಂತರು ಬಾಳಿದ ನಾಡಿನಲ್ಲಿಯೇ ಈ ಕೆಲಸ ಒಂದೇ ಜಾತಿಯ ಪಾಲಿಗೆ ಉಳಿದು ಬಂದದ್ದೂ ನಿಜ. ಮನಸ್ಸು ಬದಲಾಗುವವರೆಗೆ ಕಾನೂನು ಏನೂ ಮಾಡಲಾರದು ಎನ್ನುವವರಿಗೆ ಕಿಂಗ್ ಕೊಡುತ್ತಿದ್ದ ಉತ್ತರ ಇಲ್ಲಿಗೂ ಸಲ್ಲುತ್ತದೆ: ಕಾನೂನು ಒಬ್ಬನಿಂದ ನನ್ನನ್ನು ಪ್ರೀತಿಸುವಂತೆ ಮಾಡಲಾರದು, ಆದರೆ ಅವನು ನನ್ನನ್ನು ಕೊಲ್ಲದಂತೆ ತಡೆಯಬಲ್ಲದು ಎಂಬುದು ಅವರ ವಾದದ ತಿರುಳು.

ಹಾಗಾದರೆ ಕೀಲಿಕೈ ಯಾರಿಗೆ ಕೊಡಬೇಕು? 2013ರ ಕಾಯ್ದೆಯಲ್ಲೇ ಅರ್ಧ ಉತ್ತರ ಇದೆ. ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಸಮಿತಿ ಇರಬೇಕು, ಈ ಕೆಲಸದಲ್ಲಿದ್ದ ಸಮುದಾಯದವರು ಅದರ ಸದಸ್ಯರಾಗಬೇಕು, ಮೂರು ತಿಂಗಳಿಗೊಮ್ಮೆಯಾದರೂ ಅದು ಸಭೆ ಸೇರಬೇಕು. ರಾಜ್ಯಮಟ್ಟದ ಉಸ್ತುವಾರಿ ಸಮಿತಿಗೆ ಮುಖ್ಯಮಂತ್ರಿ ಅಥವಾ ಅವರು ಹೆಸರಿಸಿದ ಮಂತ್ರಿಯೇ ಅಧ್ಯಕ್ಷರು. ಉಳಿದ ಅರ್ಧವನ್ನು ಮಿಸಿಸಿಪಿಯಿಂದ ಕಲಿಯಬಹುದು: ಎಣಿಕೆಯನ್ನು ಪುರಸಭೆಯಿಂದ ಪೂರ್ತಿ ಬಿಡಿಸಿ ಹೊರಗಿನ ಸಂಸ್ಥೆಗೆ ವಹಿಸಬೇಕು, ಗುಂಡಿಯಲ್ಲಿ ಒಬ್ಬ ಸತ್ತರೆ ಆ ಊರಿನ ಮುಖ್ಯಾಧಿಕಾರಿಯ ಮೇಲೆ ತಾನಾಗಿಯೇ ವಿಚಾರಣೆ ಶುರುವಾಗಬೇಕು. ಅದಕ್ಕೆ ಕಾಯ್ದೆಯ ತಿದ್ದುಪಡಿ ಬೇಕು, ವರ್ಷಗಳು ಹಿಡಿಯಬಹುದು. ಆದರೆ ಮೊದಲರ್ಧಕ್ಕೆ ಯಾರೂ ಕಾಯಬೇಕಿಲ್ಲ. ಹಾವೇರಿ ಜಿಲ್ಲಾ ಸಮಿತಿ ಕಳೆದ ವರ್ಷ ಎಷ್ಟು ಸಲ ಸೇರಿತು, ಸಮುದಾಯದ ಯಾರು ಹಾಜರಿದ್ದರು, ಸವಣೂರು, ಹಾನಗಲ್ಲ, ಶಿಗ್ಗಾಂವಿ ಪುರಸಭೆಗಳೂ ಹಿರೇಕೆರೂರು ಪಟ್ಟಣ ಪಂಚಾಯಿತಿಯೂ ಎಷ್ಟು ಗುಂಡಿಗಳನ್ನು ಯಂತ್ರದಿಂದ ಖಾಲಿ ಮಾಡಿಸಿದವು ಎಂದು ಹತ್ತು ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಈ ನಾಲ್ಕು ಊರುಗಳ ಯಾವ ನಾಗರಿಕರಾದರೂ ಕೇಳಬಹುದು. ಆ ಅರ್ಜಿಯನ್ನು ಭಂಗಿ ಸಮುದಾಯದವರೇ ಹಾಕಬೇಕೆಂದೇನೂ ಇಲ್ಲ.